೬೧೮ನೇ ಕಂಬದ ರೊಟ್ಟಿ

ಸಫರ್ ೪, ಭಾನುವಾರ

ಕಂಬ ೬೧೮. ಸಫರ್ ತಿಂಗಳ ಇಪ್ಪತ್ತರಂದು, ಇಮಾಮ್ ಹುಸೇನರ ನಲವತ್ತನೇ ದಿನಕ್ಕೆ, ಯಾತ್ರಿಕರು ನಜಫ್‌ನಿಂದ ಕರ್ಬಲಾಕ್ಕೆ ನಡೆಯುವ ದಾರಿಯಲ್ಲಿ ವಿಳಾಸವೆಂದರೆ ದೀಪದ ಕಂಬದ ಮೇಲಿನ ಅಂಕಿ, ಅಷ್ಟೇ. ಮೂರು ದಿನ ಬೇಕಾಗುವ ಕೆಲಸವನ್ನು ಒಂದೂವರೆ ದಿನದಲ್ಲಿ ಮುಗಿಸಿದೆವು: ಡೇರೆ ನಿಂತಿತು, ಎರಡು ತಂದೂರು ಒಲೆ ಕೂತವು, ನೀರಿನ ಟ್ಯಾಂಕು ಬಂತು. ಮೊದಲ ಹೊಗೆಯಿಂದ ಮಧ್ಯಾಹ್ನದ ನಮಾಜಿನವರೆಗೆ ಒಂಬೈನೂರು ರೊಟ್ಟಿ ಹಂಚಿದೆವು. ಹೋದ ವರ್ಷ ಮೊದಲ ದಿನ ಆರುನೂರೂ ಆಗಿರಲಿಲ್ಲ.

ಪರವಾನಗಿ ಈ ಸಲವೂ ತಮ್ಮ ಮುಹ್ಸಿನನ ಹೆಸರಿನಲ್ಲಿದೆ. ಒಲೆ ನನ್ನದು, ಹಿಟ್ಟು ನನ್ನದು, ಬೆನ್ನುನೋವು ನನ್ನದು. ಕಾಗದ ಮಾತ್ರ ಗಂಡಸಿನದು. ಗಂಡ ಸತ್ತ ವರ್ಷ ತಲೆಯ ಮೇಲೆ ಹರಿವಾಣ ಹೊತ್ತು ಮನೆಮನೆಗೆ ರೊಟ್ಟಿ ಮಾರಿದವಳು ನಾನು. ಈಗ ನಾಸಿರಿಯಾದಲ್ಲಿ ನನ್ನದೇ ಬೇಕರಿ ಇದೆ. ಆದರೂ ಸಮಿತಿಯ ಕಚೇರಿಯಲ್ಲಿ ನನ್ನನ್ನು ಕಂಡರೆ, "ಮನೆಯಲ್ಲಿ ಗಂಡಸರು ಯಾರೂ ಇಲ್ವಾ ಹಜ್ಜಿಯಾ?" ಎನ್ನುತ್ತಾರೆ. ಇದ್ದ, ಒಬ್ಬ. ಅವನ ಫೋಟೋವನ್ನು ಡೇರೆಯ ಮುಂದೆ ಕಟ್ಟಿದ್ದೇನೆ.

ನನ್ನ ಮಗ ಅಮ್ಜದ್, ಇಪ್ಪತ್ತೊಂದು ವರ್ಷ. ಕೆಳಗೆ ಒಂದೇ ಸಾಲು: ಇಮಾಮ್ ಹುಸೇನರ ಅತಿಥಿಗಳೇ, ರೊಟ್ಟಿ ತಿಂದು ಈ ಮಗನಿಗೊಂದು ಫಾತಿಹಾ ಓದಿ.

ಎರಡು ವರ್ಷದ ಹಿಂದೆ "ನಮಗೊಂದು ದೇಶ ಬೇಕು" ಎಂದು ಕೂಗಲು ಊರಿನ ಸೇತುವೆಯ ಮೇಲಿನ ಪ್ರತಿಭಟನೆಗೆ ಹೋದ. ಕುತ್ತಿಗೆಗೆ ಗುಂಡು. ಹೊಡೆದವರು ಅಪರಿಚಿತರು ಎಂದು ಬರೆದು ಕಡತ ಮುಚ್ಚಿದರು. ಊರಿನಲ್ಲಿ ಅವನ ಹೆಸರೆತ್ತಿದರೆ ಜನ ಬಾಗಿಲ ಕಡೆ ನೋಡುತ್ತಾರೆ. ಈ ಕಂಬದ ಕೆಳಗೆ ಮಾತ್ರ ಬಸ್ರಾದವರು, ಅಮಾರಾದವರು, ಇರಾನಿನವರು, ಅವನನ್ನು ಕಂಡೇ ಇರದವರು, ಅವನ ಹೆಸರು ಹೇಳಿ ಆ ಪ್ರಾರ್ಥನೆ ಓದಿ ಹೋಗುತ್ತಾರೆ. ೬೧೮ ಹೋದರೆ ಅವನ ಹೆಸರನ್ನು ಬಾಯಿಬಿಟ್ಟು ಹೇಳುವ ಜಾಗ ಈ ಭೂಮಿಯ ಮೇಲೆ ನನಗೆ ಇನ್ನೊಂದಿಲ್ಲ.

ಎದುರಿಗೆ ೬೧೯ರಲ್ಲಿ ಹೊಸ ಡೇರೆ ಬಂದಿದೆ. ಡೇರೆಯಲ್ಲ, ಮದುವೆ ಛತ್ರ. 'ಬೆಳಕಿನ ದಾರಿ' ಪಕ್ಷದವರದು. ಚುನಾವಣೆಗೆ ಒಂದು ತಿಂಗಳೂ ಇಲ್ಲ. ಅವರ ಅಭ್ಯರ್ಥಿ ಹಾಜಿ ಫಾಲಿಹ್‌ನ ಮುಖ ಲಾರಿಯಷ್ಟು ದೊಡ್ಡದು. ಅದರ ಮೂಲೆಯಲ್ಲಿ ಇಮಾಮರ ಹೆಸರು, ಅಂಗಿಯ ಗುಂಡಿಯಷ್ಟು. ಸೇತುವೆಗೆ ಹೋದ ಹುಡುಗರನ್ನು "ರಾಯಭಾರ ಕಚೇರಿಗಳು ಸಾಕಿದ ಮಕ್ಕಳು" ಎಂದು ಟೀವಿಯಲ್ಲಿ ಹೇಳಿದವನು ಇವನೇ. ಹದಿನಾರು ದಿನ ಈ ಮುಖವನ್ನು ನೋಡಿಕೊಂಡು ಹಿಟ್ಟು ನಾದಬೇಕು.

ಇದನ್ನು ಬೇಕರಿಯ ಹಿಟ್ಟಿನ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಮುಂದಿನ ಹಾಳೆಗಳನ್ನು ಎಲ್ಲರೂ ನೋಡುತ್ತಾರೆ. ಹಿಂದಿನವನ್ನು ಯಾರೂ ತಿರುಗಿಸುವುದಿಲ್ಲ.

ಸಫರ್ ೭, ಬುಧವಾರ

ಎದುರು ಡೇರೆಯ ಉಸ್ತುವಾರಿ ಅಬೂ ಝೈನಬ್ ಬಂದಿದ್ದ. ಕೈಯಲ್ಲಿ ಜಪಮಾಲೆ, ಕಾಲಲ್ಲಿ ಹೊಳೆಯುವ ಬೂಟು. ನೂರು ಹೆಜ್ಜೆಯನ್ನೂ ನಡೆದಿರದ ಬೂಟು ಅದು. ಈ ದಾರಿಯಲ್ಲಿ ಮನುಷ್ಯನನ್ನು ಅಳೆಯಲು ಕಾಲು ನೋಡಿದರೆ ಸಾಕು.

"ಹಜ್ಜಿಯಾ, ನಿಮ್ಮ ರೊಟ್ಟಿ ವಾಸನೆ ನಮ್ಮ ಎ.ಸಿ.ಯೊಳಗೂ ಬರುತ್ತೆ."

"ವಾಸನೆಗೆ ಪರವಾನಗಿ ಬೇಕಿಲ್ಲ. ಏನು ಬಂದಿದ್ದು?"

"ಹಾಜಿ ಫಾಲಿಹ್ ಅವರು ಎರಡು ಫ್ರೀಜರ್, ಐವತ್ತು ಮೂಟೆ ಹಿಟ್ಟು ಕಳಿಸ್ತಾರಂತೆ. ಇಮಾಮರ ಸೇವೆಗೆ."

"ಇಮಾಮರ ಸೇವೆಗಾದ್ರೆ ಇಳಿಸಿ ಹೋಗಿ. ಮಾತು ಯಾಕೆ?"

ಅವನು ನಕ್ಕ. ಮಣಿ ಎರಡು ಸರಿಸಿದ. "ಒಂದು ಬ್ಯಾನರ್ ಕಟ್ಬೇಕು, ಅಷ್ಟೇ. ಆಮೇಲೆ ಆ ಹುಡುಗನ ಫೋಟೋ... ಒಳಗಡೆ ಎಲ್ಲಾದ್ರೂ ಇಟ್ಕೊಳ್ಳಿ. ಇದು ಧರ್ಮದ ದಾರಿ ಹಜ್ಜಿಯಾ. ರಾಜಕೀಯ ಯಾಕೆ ತರ್ತೀರಿ?"

ಲಾರಿಯಷ್ಟು ಮುಖ ನೇತುಹಾಕಿದವನು ಮೊಣಕೈಯುದ್ದದ ಫೋಟೋವನ್ನು ತೋರಿಸಿ ಈ ಮಾತು ಹೇಳಿದ. ನಗಲೂ ಇಲ್ಲ, ನಾಚಲೂ ಇಲ್ಲ.

"ಅಬೂ ಝೈನಬ್," ಎಂದೆ, "ನಿಮ್ಮ ಹಾಜಿಗೆ ಹೇಳಿ. ಅವರ ಹಿಟ್ಟಿನಲ್ಲಿ ನಾನು ಅಂಟೂ ಮಾಡಲ್ಲ, ಅವರ ಬ್ಯಾನರ್ ಅಂಟಿಸೋಕೆ."

ನನ್ನ ಜೊತೆ ಹಿಟ್ಟು ನಾದುವ ಬದ್ರಿಯಾ ಒಲೆಯ ಹಿಂದಿನಿಂದಲೇ ಕಿಸಕ್ಕೆಂದಳು. ನಮ್ಮ ಬೀದಿಯವಳು, ಅವಳೂ ವಿಧವೆ, ನಾಲಿಗೆ ನನಗಿಂತ ಒಂದು ಗೇಣು ಉದ್ದ. ಮುಹ್ಸಿನ್ ಮಾತ್ರ ನಗಲಿಲ್ಲ. ಅಬೂ ಝೈನಬ್‌ನನ್ನು ರಸ್ತೆಯವರೆಗೆ ಬಿಟ್ಟು ಬಂದ. ಬಿಟ್ಟು ಬರಲು ಅಷ್ಟು ಹೊತ್ತು ಬೇಕಿರಲಿಲ್ಲ.

ಸಫರ್ ೮, ಗುರುವಾರ

ಬೆಳಗಿನ ನಮಾಜು ಮುಗಿಸಿ ಬಂದರೆ ಅಮ್ಜದ್ ಇದ್ದ ಜಾಗದಲ್ಲಿ ಫಾಲಿಹ್ ನಗುತ್ತಿದ್ದ.

ಕಟ್ಟಿದ್ದು ಮುಹ್ಸಿನನೇ. ಸುಳ್ಳು ಹೇಳಲಿಲ್ಲ, ಅಷ್ಟು ಮಟ್ಟಿಗೆ ನನ್ನ ತಮ್ಮ.

"ಅಕ್ಕಾ, ನನ್ನ ಮಗ ಎಂಜಿನಿಯರ್ ಓದಿ ಮೂರು ವರ್ಷದಿಂದ ತರಕಾರಿ ಗಾಡಿ ತಳ್ತಾ ಇದ್ದಾನೆ. ಪಕ್ಷದೋರ ಚೀಟಿ ಇಲ್ಲದೆ ಆಸ್ಪತ್ರೇಲಿ ಕಸ ಗುಡಿಸೋ ಕೆಲಸಾನೂ ಸಿಗಲ್ಲ. ನಿಂಗೆ ಗೊತ್ತಿಲ್ವಾ?"

"ಗೊತ್ತು. ಅಮ್ಜದ್ ಸೇತುವೆಗೆ ಹೋಗಿದ್ದು ಅದಕ್ಕೇ."

"ಹೋದ. ಏನು ಸಿಕ್ತು? ಸತ್ತೋನಿಗೆ ಫೋಟೋ ಬೇಡ ಅಕ್ಕಾ. ಬದುಕಿರೋನಿಗೆ ಕೆಲಸ ಬೇಕು."

ಹಿಟ್ಟು ಕತ್ತರಿಸುವ ಚಾಕುವಿನಿಂದ ಹಗ್ಗ ಕೊಯ್ದೆ. ಬದ್ರಿಯಾ ಬ್ಯಾನರಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಗಟ್ಟಿ ಮಾಲು, ಸೌದೆ ಮೇಲೆ ಹೊದಿಸೋಣ, ಇಬ್ಬನಿಗೆ ಒಳ್ಳೇದು," ಎಂದಳು. ಹಾಗೇ ಮಾಡಿದೆವು. ಅಮ್ಜದ್ ಮತ್ತೆ ಮೇಲೆ ಹೋದ.

ಮುಹ್ಸಿನ್ ದಿನವೆಲ್ಲ ನೀರಿನ ಟ್ಯಾಂಕಿನ ಹತ್ತಿರ ಕೂತಿದ್ದ. ಊಟಕ್ಕೆ ಕರೆಯಲಿಲ್ಲ. ಬದ್ರಿಯಾ ಕೊಟ್ಟುಬಂದಳಂತೆ.

ಸಫರ್ ೧೦, ಶನಿವಾರ

ಈಗ ಟೋಪಿ. ಎದುರು ಡೇರೆಯವರು ಹಸಿರು ಟೋಪಿ ಹಂಚುತ್ತಿದ್ದಾರೆ, ಹಣೆಯ ಮೇಲೆ ಫಾಲಿಹ್‌ನ ಮುಖ. ಬಿಸಿಲು ತಲೆಯೊಳಗೆ ಮೊಳೆ ಹೊಡೆಯುವ ಹಾಗಿದೆ, ಯಾರು ಬೇಡ ಎನ್ನುತ್ತಾರೆ? ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಸಾವಿರ ಫಾಲಿಹ್‌ಗಳು ನಡೆಯುತ್ತಿದ್ದರು. ಒಬ್ಬನ ಕಾಲಲ್ಲೂ ಹೊಳೆಯುವ ಬೂಟಿಲ್ಲ.

ನಾನೊಂದು ಉಪಾಯ ಮಾಡಿದೆ. ಡೇರೆಯ ಬಾಯಲ್ಲಿ ನಿಂತು ಕೂಗಿದೆ: "ತಲೆ ಮೇಲಿರೋ ಹಾಜಿನ ಕೆಳಗಿಳಿಸಿ, ಬಿಸಿ ರೊಟ್ಟಿ ತಗೊಳ್ಳಿ."

ಜನ ನಕ್ಕರು. ತೆಗೆದು ಬುಟ್ಟಿಗೆ ಹಾಕಿದರು. ಬಸ್ರಾದ ಮೀನುಗಾರನೊಬ್ಬ, "ಹಜ್ಜಿಯಾ, ಇವನು ಅಧಿಕಾರಕ್ಕೆ ಬಂದ ಮೇಲೂ ಹಿಂಗೇ ಇಳಿಸೋಕಾಗುತ್ತಾ?" ಎಂದ. ಅವನಿಗೆ ಎರಡು ರೊಟ್ಟಿ. ಸಂಜೆ ಬುಟ್ಟಿ ಸುರಿದು ಎಣಿಸಿದೆ, ನೂರಾ ನಲವತ್ತಮೂರು ಟೋಪಿ. ಅಮ್ಜದ್ ಹೋದ ಮೇಲೆ ಇಷ್ಟು ಖುಷಿಯಾಗಿ ಏನನ್ನೂ ಎಣಿಸಿರಲಿಲ್ಲ.

ಸಫರ್ ೧೨, ಸೋಮವಾರ

ಇವತ್ತು ಜನ ಅಷ್ಟು ನಗಲಿಲ್ಲ. ಬಿಸಿಲು ಇರಬೇಕು.

ಟೋಪಿಯಿಲ್ಲದವರಲ್ಲೂ ಅವರ ಕಡೆಯವರು ಇರುತ್ತಾರಲ್ಲ. ಅದಕ್ಕೇ ಕೇಳತೊಡಗಿದೆ: ಯಾವ ಊರು, ಯಾರಿಗೆ ವೋಟು. ಕೆಲವರು ಹೇಳಿದರು, ಕೆಲವರು ರೊಟ್ಟಿ ಬಿಟ್ಟು ಹೋದರು. ಹೋಗಲಿ, ಅಂಥವರು ತಿಂದು ಅಮ್ಜದನಿಗೆ ಓದುವ ಫಾತಿಹಾ ನನಗೆ ಬೇಡ.

ನನ್ನನ್ನು ಅಮ್ಜದನ ತಾಯಿ ಎಂದೇ ಕರೆಯುವ ಬದ್ರಿಯಾ ಸಿಡುಕಿದಳು. "ಉಮ್ ಅಮ್ಜದ್, ಇಮಾಮರ ಅತಿಥಿಯ ಹೆಸರು ಕೇಳಬಾರದು, ಊರು ಕೇಳಬಾರದು. ನಮ್ಮಜ್ಜಿ ಕಾಲದಿಂದ ಇರೋದು ಇದೊಂದೇ ನಿಯಮ. ನೀನು ಗಡಿ ಚೌಕಿ ಇಟ್ಟಂಗೆ ಕೇಳ್ತೀಯಲ್ಲ?"

"ಅವರು ನನ್ನ ಮಗನ ಹೆಸರು ಅಳಿಸ್ತಾ ಇದ್ದಾರೆ. ನಾನು ಊರು, ವೋಟು ಕೇಳಿದ್ದು ಹೆಚ್ಚಾಯ್ತಾ?"

"ಅವರು ಯಾರೋ. ರೊಟ್ಟಿಗೆ ಕೈಚಾಚೋನು ಇನ್ನ್ಯಾರೋ."

ಹಿಟ್ಟು ಅಂಟಿದ ಕೈಯಿಂದಲೇ ಒಲೆಗೆ ಮುಖ ಮಾಡಿ ನಿಂತಳು.

ಮೂರು ಗಂಟೆಯ ಹೊತ್ತಿಗೆ ಒಬ್ಬ ಮುದುಕ ಬಂದ. ಅಮಾರಾದ ಕಡೆಯ ಮಾತು. ಬರಿಗಾಲು, ಹಿಮ್ಮಡಿ ಒಡೆದು ರಕ್ತ ಒಣಗಿತ್ತು. ತಲೆಯ ಮೇಲೆ ಹಸಿರು ಟೋಪಿ.

"ಟೋಪಿ ತೆಗೀರಿ ಅಜ್ಜ."

"ತೆಗೆಯೋಕಾಗಲ್ಲ ತಾಯಿ. ತಲೇಲಿ ಹೊಲಿಗೆ ಹಾಕಿದ್ದಾರೆ. ಬಿಸಿಲು ಬಿದ್ರೆ ಕಣ್ಣು ಕತ್ತಲೆ ಬರುತ್ತೆ."

"ಹಾಗಾದ್ರೆ ಟೋಪಿ ಕೊಟ್ಟೋರ ಹತ್ರಾನೇ ರೊಟ್ಟಿ ಕೇಳಿ."

ಅವನು ಜಗಳವಾಡಲಿಲ್ಲ. ಫೋಟೋದ ಕೆಳಗಿನ ಸಾಲನ್ನು ನಿಧಾನವಾಗಿ, ಅಕ್ಷರ ಅಕ್ಷರವಾಗಿ ಓದಿದ. ಅಲ್ಲೇ ನಿಂತು, ಬರಿಗೈಯಲ್ಲಿ, ಅಮ್ಜದನ ಹೆಸರು ಹೇಳಿ ಫಾತಿಹಾ ಓದಿ ಮುಖ ಸವರಿಕೊಂಡ. ಆಮೇಲೆ ರಸ್ತೆ ದಾಟಿದ.

ಕರೆಯಬಹುದಿತ್ತು. ಹಿಟ್ಟು ಹುಳಿ ಬರುತ್ತಿತ್ತು, ಒಲೆ ಕಾದಿತ್ತು.

ಸಫರ್ ೧೩, ಮಂಗಳವಾರ

ನಿನ್ನೆಯದನ್ನು ಅವರು ಎದುರಿನಿಂದ ವಿಡಿಯೋ ಮಾಡಿದ್ದರು. ಬೆಳಗಾಗುವಷ್ಟರಲ್ಲಿ ಎಲ್ಲರ ಫೋನಿಗೂ ಬಂದಿದೆ. ಮೊದಲು ನಾನು, ಬೆರಳು ಚಾಚಿ ರಸ್ತೆ ತೋರಿಸುತ್ತಿರುವವಳು. ಆಮೇಲೆ ಆ ಮುದುಕನನ್ನು ರತ್ನಗಂಬಳಿಯ ಮೇಲೆ ಕೂರಿಸಿ ಅಬೂ ಝೈನಬ್ ತಾನೇ ಕಾಲು ತೊಳೆಯುತ್ತಿರುವುದು. ಕೆಳಗೆ ಬರಹ: ಹುಸೇನರ ಅತಿಥಿಯನ್ನು ಹಸಿದ ಹೊಟ್ಟೆಯಲ್ಲಿ ಅಟ್ಟಿದವರು ಯಾರು, ಆದರಿಸಿದವರು ಯಾರು, ನೀವೇ ನೋಡಿ.

ಸುಳ್ಳಾಗಿದ್ದರೆ ಒಂದೊಂದು ಮಾತನ್ನೂ ಹಿಡಿದು ಜಗಳ ತೆಗೆಯುತ್ತಿದ್ದೆ. ನನ್ನ ನಾಲಿಗೆಗೆ ಅದು ಕಷ್ಟದ ಕೆಲಸವಲ್ಲ. ಆದರೆ ನಾನು ನೋಡಿದ ವಿಡಿಯೋದಲ್ಲಿ ಸುಳ್ಳು ಒಂದೂ ಇರಲಿಲ್ಲ. ಅದಕ್ಕೇ ಮೈ ಉರಿಯುತ್ತಿದೆ. ಹಾಳಾದವರಿಗೆ ಸತ್ಯವನ್ನು ನಾನೇ ಬಿಸಿಬಿಸಿಯಾಗಿ ಕೈಗೆ ಕೊಟ್ಟೆ.

ಮಧ್ಯಾಹ್ನ ಡೇರೆಗಳ ಸಮಿತಿಯವರು ಮೂವರು ಬಂದರು. ಅತಿಥಿಯನ್ನು ತಿರುಗಿಸಿದ ಡೇರೆಗೆ ದಾರಿಯಲ್ಲಿ ಜಾಗವಿಲ್ಲ, ಸಂಜೆಯೊಳಗೆ ಕೀಳಬೇಕು ಎಂದರು.

ಅವರ ಹಿಂದೆ ನಿಂತಿದ್ದ ಅಬೂ ಝೈನಬ್ ಮೆಲ್ಲಗೆ, "ನಾನು ನಿಮ್ಮ ಪರ ಎಷ್ಟೋ ಬೇಡ್ಕೊಂಡೆ ಹಜ್ಜಿಯಾ," ಎಂದ.

"ಕಾಲು ತೊಳೆದ ಕೈ ಒಣಗಿತಾ?" ಎಂದೆ.

ಮುಹ್ಸಿನ್ ಕಾಗದವನ್ನು ಅವರ ಕೈಗಿಟ್ಟ. ಅಮ್ಜದನ ಫೋಟೋವನ್ನು ನಾನೇ ಇಳಿಸಿದೆ. ಸುರುಳಿ ಸುತ್ತಿ ಹಿಟ್ಟಿನ ಚೀಲದೊಳಗೆ ಇಟ್ಟೆ.

ಸಫರ್ ೧೪, ಬುಧವಾರ

೬೧೮ರಲ್ಲಿ ಈಗ ಮೊಬೈಲ್ ಚಾರ್ಜ್ ಮಾಡುವ ಮೇಜು. ಅವರದೇ.

ಸಫರ್ ೧೫, ಗುರುವಾರ

ಮುಹ್ಸಿನ್ ಡೇರೆಯನ್ನೂ ಒಲೆಗಳನ್ನೂ ಲಾರಿಗೆ ಹಾಕಿ, "ಊರಿಗೆ ಹೋಗೋಣ ಅಕ್ಕಾ," ಎಂದ. ನೀನು ಹೋಗು ಎಂದೆ. ಬದ್ರಿಯಾ ಲಾರಿ ಹತ್ತಿ, ಚೀಲ ಎತ್ತಿಕೊಂಡು, ಮತ್ತೆ ಇಳಿದಳು. "ನಿನ್ನ ಮೇಲಿನ ಸಿಟ್ಟು ಇನ್ನೂ ಇದೆ. ಇಲ್ಲೇ ಇದ್ದು ಮಾಡ್ಕೊಳ್ತೀನಿ," ಎಂದಳು.

ಕಂಬ ೭೪೦ರ ಹತ್ತಿರ, ರಸ್ತೆಯಿಂದ ಖರ್ಜೂರದ ತೋಟದೊಳಗೆ ಒಂದು ರೈತನ ಮನೆ. ಆ ಮನೆಯಾಕೆ ನಮ್ಮ ಹೆಸರು ಕೇಳಲಿಲ್ಲ. ತನ್ನ ಮಣ್ಣಿನ ಒಲೆ ತೋರಿಸಿ, "ಸೌದೆ ಹಿತ್ತಲಲ್ಲಿದೆ," ಎಂದಳು. ಅಷ್ಟೇ.

ಡೇರೆಗೆ ಪರವಾನಗಿ ಬೇಕು. ತಲೆಗೆ ಬೇಡ. ಡೇರೆ ಹಾಕಲು ಕೈಲಾಗದವರು ಹರಿವಾಣ ತಲೆಯ ಮೇಲಿಟ್ಟು ರಸ್ತೆಯಂಚಿನಲ್ಲಿ ಮೊಣಕಾಲೂರಿ ಕೂರುತ್ತಾರೆ. ನಡೆಯುವವರು ಬಗ್ಗದೆ ಕೈಹಾಕಿ ತೆಗೆದುಕೊಳ್ಳುತ್ತಾರೆ. ನಾನು ಡೇರೆಯವಳಾಗಿದ್ದಾಗ ಅಂಥವರನ್ನು ಕಂಡು ಪಾಪ ಎನ್ನುತ್ತಿದ್ದೆ.

ಇಪ್ಪತ್ತೆರಡು ವರ್ಷದ ಮೇಲೆ ತಲೆಗೆ ಹರಿವಾಣ. ಕುತ್ತಿಗೆಗೆ ನೆನಪಿದೆ, ಮೊಣಕಾಲಿಗಿಲ್ಲ. ಬಿಸಿ ರೊಟ್ಟಿಯ ಹರಿವಾಣ ನೆತ್ತಿ ಸುಡುತ್ತಿತ್ತು, ಸಿಂಬಿಗೆ ಬಟ್ಟೆಯಿರಲಿಲ್ಲ. ರಸ್ತೆಯಲ್ಲಿ ಬಿದ್ದಿದ್ದ ಹಸಿರು ಟೋಪಿಯೊಂದನ್ನು ಮಡಿಸಿ ಇಟ್ಟುಕೊಂಡೆ. ಒಳಗೆ ಸ್ಪಂಜು ಇದೆ, ಚೆನ್ನಾಗಿ ಕೂರುತ್ತದೆ.

ಹರಿವಾಣ ಹೊತ್ತರೆ ತಲೆ ಎತ್ತಿ ಮುಖ ನೋಡಲಾಗುವುದಿಲ್ಲ. ಕಾಲುಗಳಷ್ಟೇ ಕಾಣುತ್ತವೆ. ಕೈ ಬಂದ ಭಾರ ಗೊತ್ತಾದ ಕೂಡಲೇ, "ಅಮ್ಜದನಿಗೆ ಒಂದು ಫಾತಿಹಾ," ಎನ್ನುತ್ತೇನೆ. ಫೋಟೋ ಚೀಲದಲ್ಲೇ ಇದೆ. ಒಡೆದ ಹಿಮ್ಮಡಿ ಕಂಡಾಗಲೆಲ್ಲ ಅಮಾರಾದ ಮುದುಕನೇ ಇರಬೇಕೆಂದು ಹರಿವಾಣ ಓರೆ ಮಾಡಿ ನೋಡಿದೆ. ಮೂರು ರೊಟ್ಟಿ ಮಣ್ಣುಪಾಲು. ಅವನಲ್ಲ.

ಸಫರ್ ೧೭, ಶನಿವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಹತ್ತು ಗಂಟೆಯ ಹೊತ್ತಿಗೆ ರಸ್ತೆಯಲ್ಲಿ ಗದ್ದಲ. ಬದ್ರಿಯಾ ನನ್ನ ಬಳಿ ಬಗ್ಗಿ, "ಫಾಲಿಹ್. ನಡೀತಾ ಬರ್ತಿದ್ದಾನೆ. ಕಾರು ಹಿಂದೇನೇ ಇದೆ," ಎಂದಳು. ನನಗೆ ಕಂಡದ್ದು ಕಾಲುಗಳು. ನಡುವೆ ಎರಡು ಹೊಸ ಚಪ್ಪಲಿ, ಸುತ್ತ ಹತ್ತು ಜೊತೆ ಬೂಟು, ಹಿಂದೆ ಹಿಂದೆ ಸರಿಯುತ್ತಿದ್ದ ಎರಡು ಕಾಲು, ಅದು ಕ್ಯಾಮೆರಾದವನು.

ಎದ್ದು ಹೋಗಬಹುದಿತ್ತು. ಕಾಲ ಬಳಿಯೇ ಹರಿವಾಣ ಸುರಿಯಬಹುದಿತ್ತು. ಎಷ್ಟು ದಿನದಿಂದ ಅವನಿಗೆಂದೇ ಮಾತು ಜೋಡಿಸಿಟ್ಟಿದ್ದೆ. ಚಪ್ಪಲಿ ನನ್ನ ಮುಂದೆ ನಿಂತಿತು. ಮಣ್ಣಲ್ಲಿ ಮೊಣಕಾಲೂರಿದ ಮುದುಕಿ, ತಲೆಯ ಮೇಲೆ ರೊಟ್ಟಿ. ಅವರಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಎಲ್ಲಿ ಸಿಗಬೇಕು.

"ದೇವರು ನಿಮ್ಮ ಕೈಗೆ ಬಲ ಕೊಡಲಿ ತಾಯಿ," ಎಂದ. ಟೀವಿಯಲ್ಲಿ ಕೇಳಿದ್ದ ಅದೇ ದನಿ.

"ತಗೊಳ್ಳಿ ಹಾಜಿ. ಬಿಸಿ ಇದೆ."

ಮುರಿದು ಬಾಯಿಗಿಟ್ಟುಕೊಂಡ. "ಇಮಾಮರ ದಾರಿಯ ರೊಟ್ಟಿಯ ರುಚಿಯೇ ಬೇರೆ," ಎಂದು ಕ್ಯಾಮೆರಾಕ್ಕೆ ಹೇಳಿದ.

"ತಿಂದ್ರಲ್ಲ, ನನ್ನ ಮಗನಿಗೊಂದು ಫಾತಿಹಾ ಓದಿ."

"ಖಂಡಿತ ತಾಯಿ. ಹೆಸರೇನು?"

ಬದ್ರಿಯಾ ನನ್ನ ತಲೆಯಿಂದ ಹರಿವಾಣ ಎತ್ತಿದಳು. ನಾನು ಹೇಳಿರಲಿಲ್ಲ, ಅವಳೇ ಎತ್ತಿದಳು. ಆಗ ಅವನ ಮುಖ ಕಂಡಿತು. ಬ್ಯಾನರಿನಲ್ಲಿದ್ದಷ್ಟು ದೊಡ್ಡದೇನಲ್ಲ. ನನ್ನ ನೆತ್ತಿಯ ಮೇಲಿನ ಟೋಪಿಯಲ್ಲಿದ್ದ ತನ್ನದೇ ಮುಖವನ್ನು ನೋಡಿ ಅವನು ಇನ್ನೂ ನಗುತ್ತಿದ್ದ.

"ಅಮ್ಜದ್," ಎಂದೆ. "ನಾಸಿರಿಯಾದೋನು. ಸೇತುವೆ ಮೇಲೆ ಕುತ್ತಿಗೆಗೆ ಗುಂಡು ಬಿತ್ತು. ರಾಯಭಾರ ಕಚೇರಿ ಸಾಕಿದ ಮಗ ಅಂತ ನೀವು ಟೀವೀಲಿ ಹೇಳಿದ್ರಲ್ಲ, ಅವನು. ಮೊನ್ನೆ ೬೧೮ರಿಂದ ನಿಮ್ಮೋರು ಫೋಟೋ ಇಳಿಯೋ ಹಾಗೆ ಮಾಡಿದ್ರಲ್ಲ, ಅವನೇ. ಅವನ ಹೆಸರಿನ ರೊಟ್ಟಿ ಅದು."

ಕೂಗಲಿಲ್ಲ. ಬೇಕರಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದೆ. ಅಬೂ ಝೈನಬ್ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದ. ಆದರೆ ಹಿಂದೆ ನಿಂತ ಯಾತ್ರಿಕರ ಕೈಯಲ್ಲೆಲ್ಲ ಫೋನಿತ್ತು, ಎಲ್ಲಕ್ಕೂ ಅಡ್ಡ ಹಿಡಿಯಲು ಅವನಿಗಿರುವುದು ಎರಡೇ ಕೈ.

ಫಾಲಿಹ್‌ನ ಬಾಯಲ್ಲಿ ರೊಟ್ಟಿ ಹಾಗೇ ನಿಂತಿತು. ಉಗುಳಿದರೆ ಇಮಾಮರ ರೊಟ್ಟಿ. ನುಂಗಿದರೆ ಓದಬೇಕು. ಅಷ್ಟರಲ್ಲಿ ಯಾತ್ರಿಕರಲ್ಲಿ ಯಾರೋ ಹೆಂಗಸು, "ಅಮ್ಜದನಿಗೆ ಅಲ್ ಫಾತಿಹಾ," ಎಂದು ಗಟ್ಟಿಯಾಗಿ ಶುರು ಮಾಡಿದಳು. ಶುರುವಾದ ಮೇಲೆ ಅಲ್ಲಿ ಯಾರೂ ಸುಮ್ಮನಿರುವಂತಿಲ್ಲ. ರಸ್ತೆ ಪೂರ್ತಿ ಓದಿತು. ಟೋಪಿಯಿದ್ದವರು, ಇಲ್ಲದವರು, ಅವನ ಬೂಟಿನ ಹುಡುಗರು. ಅವನು ನುಂಗಿದ. ಓದಿದ. ತುಟಿ ಮಾತ್ರ ಆಡಿಸಿ ತಪ್ಪಿಸಿಕೊಳ್ಳಲು ನೋಡಿದ. "ಹೆಸರು ಹೇಳಿ ಓದಿ ಹಾಜಿ, ಇಲ್ಲಾಂದ್ರೆ ಯಾರಿಗೆ ಮುಟ್ಬೇಕು?" ಎಂದೆ. "ಅಮ್ಜದನಿಗೆ," ಎಂದ. ಕೊನೆಯವರೆಗೂ ಓದಿ ಮುಖ ಸವರಿಕೊಂಡ. ಸವರಿದ ಕೈ ಮುಖದಿಂದ ಬೇಗ ಇಳಿಯಲಿಲ್ಲ. ಆಮೇಲೆ ಕಾರಿಗೆ ಹೋದ.

ಅವನನ್ನು ಕ್ಷಮಿಸಿಲ್ಲ. ಕ್ಷಮಿಸುವುದೂ ಇಲ್ಲ. ಉಳಿದ ಚೂರನ್ನು ಅವನು ಎಸೆಯದೆ ಜೇಬಿಗೆ ಹಾಕಿಕೊಂಡದ್ದನ್ನು ಮಾತ್ರ ನೋಡಿದೆ.

"ನೀನು ಮಾಡಿದ್ದು ಧರ್ಮಾನಾ ರಾಜಕೀಯಾನಾ?" ಎಂದು ಬದ್ರಿಯಾ ಕೇಳಿದಳು.

"ರೊಟ್ಟಿ ಮಾಡಿದ್ದು," ಎಂದೆ. ಐದು ದಿನದ ಮೇಲೆ ಅವಳು ನಕ್ಕಳು.

ಸಫರ್ ೧೮, ಭಾನುವಾರ

ಬೆಳಿಗ್ಗೆ ಮುಹ್ಸಿನ್ ಬಂದ. ಊರಿಗೆ ಹೋಗಿರಲೇ ಇಲ್ಲವಂತೆ, ನಜಫ್‌ನಲ್ಲಿ ಲಾರಿಯಲ್ಲೇ ಇದ್ದನಂತೆ. ಫೋನು ಹಿಡಿದೇ ಮಾತಾಡಿದ.

"ಎಲ್ಲಾ ಕಡೆ ಅದೇ ವಿಡಿಯೋ ಅಕ್ಕಾ. ಸಮಿತಿಯೋರು ಕಾಗದ ವಾಪಸ್ ಕೊಟ್ಟಿದ್ದಾರೆ. ೬೧೮ ನಮ್ಮದೇ ಅಂತೆ. ಚಾರ್ಜಿಂಗ್ ಮೇಜು ತೆಗೆಸಿದ್ದಾರೆ. ಲಾರಿ ತಿರುಗಿಸಿದ್ರೆ ಮಧ್ಯಾಹ್ನದೊಳಗೆ ಡೇರೆ ಹಾಕ್ಬಹುದು."

"ನಿನ್ನ ಮಗನ ಚೀಟಿ?"

"ಹರಿದು ಹಾಕಿರ್ತಾರೆ," ಎಂದ. ಕಣ್ಣು ನನ್ನ ಕಡೆ ಬರಲಿಲ್ಲ. "ತರಕಾರಿ ಗಾಡಿ ಇದೆಯಲ್ಲ."

ಬಿಸಿ ರೊಟ್ಟಿ ಮುರಿದು ಅವನ ಬಾಯಿಗಿಟ್ಟೆ. ಅಮ್ಜದನಿಗೆ ಓದಿದ. ಅವನಿಗೆ ಹೇಳಿಕೊಡಬೇಕಾಗಲಿಲ್ಲ.

"ಮುಂದಿನ ವರ್ಷ ಡೇರೆ," ಎಂದೆ. "ಈಗ ಹಿಟ್ಟು ಇಲ್ಲಿ ನೆಂದಿದೆ. ಆ ಮನೆಯಾಕೆಯ ಹತ್ರ ಇನ್ನೊಂದು ಹರಿವಾಣ ಕೇಳಿ ತಗೊಂಡು ಬಾ. ಸಿಂಬಿಗೆ ಟೋಪಿ ಬೇಕಾದ್ರೆ ರಸ್ತೇಲಿ ಬಿದ್ದಿವೆ."

ಮಧ್ಯಾಹ್ನದವರೆಗೆ ಅಕ್ಕಪಕ್ಕ ಕೂತೆವು. ಎಷ್ಟು ರೊಟ್ಟಿ ಹೋಯಿತೆಂದು ಸಂಜೆ ಬದ್ರಿಯಾ ಕೇಳಿದಾಗ ತಿಳಿಯಲಿಲ್ಲ. ಇವತ್ತು ನಾದಿದ ಹಿಟ್ಟು ಮುಗಿದಿದೆ.

ಅಮಾರಾದ ಮುದುಕ ಇವತ್ತೂ ಸಿಗಲಿಲ್ಲ. ಇಷ್ಟು ಹೊತ್ತಿಗೆ ಕರ್ಬಲಾ ಸೇರಿರಬೇಕು. ಕೇಳಿದ ರೊಟ್ಟಿ ಸಿಗದೆ ಹೋದರೂ ಅಮ್ಜದನಿಗೆ ಓದಿದವನು ಈ ದಾರಿಯಲ್ಲಿ ಅವನೊಬ್ಬನೇ. ವಾಪಸ್ಸು ಹೋಗುವಾಗಲಾದರೂ ಇದೇ ರಸ್ತೆಯಲ್ಲಿ ಬಂದಾನು. ನಲವತ್ತನೇ ದಿನ ಮುಗಿದ ಮೇಲೂ ಎರಡು ದಿನ ಇಲ್ಲೇ ಕೂರುತ್ತೇನೆಂದು ಮುಹ್ಸಿನನಿಗೆ ಹೇಳಿದ್ದೇನೆ.